ಅರ್ಧ ವರುಷದ ಒಕ್ಕಲುತನ

೧

ಗಡಿನಾಡಿನ ಇತಿಹಾಸವೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವದು ನಕಾಶೆ. ಯಾವ ಊರು ಗೆರೆಯ ಯಾವ ಮಗ್ಗುಲಿಗೆ ಬಿದ್ದಿತು, ಯಾವ ಆಯೋಗವು ಯಾವ ಹಳ್ಳಿಯನ್ನು ಯಾರ ಮಡಿಲಿಗೆ ಹಾಕಿತು ಎಂಬ ಲೆಕ್ಕವನ್ನೇ ನಾವು ಇತಿಹಾಸವೆಂದು ಬಗೆಯುತ್ತ ಬಂದಿದ್ದೇವೆ. ಆ ಲೆಕ್ಕವು ಬೇಡವೆಂದು ಯಾರೂ ಹೇಳಲಾರರು. ಆದರೆ ಆ ಗೆರೆಯ ಎರಡೂ ಬದಿಗೆ ಉತ್ತು, ಬಿತ್ತಿ, ಮುಗಿಲು ನೋಡುತ್ತ ಬದುಕಿದ ಒಕ್ಕಲು ಮನೆತನಗಳ ಕಥೆಯು ಆ ನಕಾಶೆಯಲ್ಲಿ ಕಾಣುವದಿಲ್ಲ. ಅರಸರು ಬದಲಾದರು, ಜಿಲ್ಲೆಯ ಹೆಸರು ಬದಲಾಯಿತು, ರಾಜ್ಯವೇ ಬದಲಾಯಿತು. ಆದರೂ ಒಕ್ಕಲಿಗನ ಮನೆಯ ಬಾಗಿಲಿಗೆ ವರುಷಕ್ಕೊಮ್ಮೆ ಬೀಗ ಬೀಳುವದು ನಿಲ್ಲಲಿಲ್ಲ. ಆ ಬೀಗದ ಇತಿಹಾಸವನ್ನು ಯಥಾಶಕ್ತಿ ಹೇಳುವದೇ ಈ ಲೇಖನದ ಉದ್ದೇಶ.

ಅದಕ್ಕಾಗಿ ಒಂದು ಸಣ್ಣ ಊರನ್ನು ಕಣ್ಣ ಮುಂದಿಟ್ಟುಕೊಳ್ಳೋಣ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಸನಮಡಿ ಎಂಬ ಗ್ರಾಮವಿದೆ. ಹೆಸರನ್ನು ಕೇಳಿದ ಕನ್ನಡ ಕಿವಿಯು 'ಸಣ್ಣ ಮಡಿ' ಎಂದು ಅದನ್ನು ಒಡೆದು ನೋಡದೆ ಇರದು. ಮಡಿಯೆಂದರೆ ತೋಟದಲ್ಲಿ ನೀರು ನಿಲ್ಲುವಂತೆ ಸುತ್ತಲೂ ಬದು ಹಾಕಿದ ಪಾತಿ. ಇದು ಸ್ಥಳನಾಮಶಾಸ್ತ್ರದ ನಿರ್ಣಯವಲ್ಲ, ಬರಿಯ ಕಿವಿಯ ಮಾತು. ಮಹಾರಾಷ್ಟ್ರದ ಒಡಲಲ್ಲಿ ಅಡಗಿದ ಕನ್ನಡ ಊರ ಹೆಸರುಗಳನ್ನು ಹೆಕ್ಕಿ ತೆಗೆದ ಶಂ. ಬಾ. ಜೋಶಿಯವರ ದಾರಿಯಲ್ಲಿ ನಡೆದವರು ಅದರ ನಿಜವನ್ನು ಗೊತ್ತುಪಡಿಸಲಿ. ನಮಗೆ ಇಲ್ಲಿ ಬೇಕಾದುದು ಆ ಮಾತಿನ ವಿಪರ್ಯಾಸವಷ್ಟೆ: ನೀರು ನಿಲ್ಲುವ ಪಾತಿಯ ಹೆಸರನ್ನು ಹೊತ್ತಂತೆ ಕೇಳಿಸುವ ಊರು, ನೀರು ನಿಲ್ಲದ ನಾಡಿನಲ್ಲಿದೆ.

ಜತ್ತದ ನೆಲವು ನೀರನ್ನು ಹೆತ್ತು ಪರರಿಗೆ ಕೊಡುವ ನೆಲ. ವಿಜಾಪುರ ಸೀಮೆಯ ಕಣಜವನ್ನು ತುಂಬುವ ಡೋಣಿ ನದಿಯು ಹುಟ್ಟುವದು ಈ ಜತ್ತದ ದಿಣ್ಣೆಗಳಲ್ಲಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ಆಚೆಯ ಜನ ಕೊಂಡಾಡುತ್ತಾರೆ. ಹೆತ್ತ ತಾಯಿಯ ಓಣಿಗೆ ಆ ಜೋಳವಿಲ್ಲ. ಬೋರ ನದಿಯೂ ಇಲ್ಲಿಯೇ ಹುಟ್ಟಿ ಭೀಮೆಯ ಕಡೆಗೆ ಹೋಗಿಬಿಡುತ್ತದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಮೋಡಗಳು ತಮ್ಮ ಹೊರೆಯನ್ನು ಇಳಿಸಿ ಹಗುರಾಗಿ ಬರುವದರಿಂದ ಈ ಸೀಮೆಗೆ ದೊರೆಯುವ ಮಳೆ ವರುಷಕ್ಕೆ ಸುಮಾರು ೫೦೦ ಮಿಲಿಮೀಟರು; ಅದೂ ಹೊತ್ತಿಗೆ ಸರಿಯಾಗಿ ಬಂದ ವರುಷ. ತಗ್ಗಿನಲ್ಲಿ ಎರಿಯ ಹೊಲ, ಏರಿನಲ್ಲಿ ಕಲ್ಲು ತುಂಬಿದ ಮಡ್ಡಿ. ಮುಂಗಾರಿಗೆ ಸಜ್ಜೆ, ಹಿಂಗಾರಿಗೆ ಜೋಳ. ಮಡ್ಡಿಯ ಮೇಲೆ ಕುರಿ. ಇದೇ ತಾಲ್ಲೂಕಿನ ಮಾಡಗ್ಯಾಳದ ಕುರಿಯ ತಳಿಯು ದೂರದೂರದ ಸಂತೆಗಳಲ್ಲಿ ಹೆಸರಾದದ್ದು. ಖಿಲಾರಿ ಎತ್ತುಗಳ ತವರುಗಳಲ್ಲಿ ಈ ಸೀಮೆಯೂ ಒಂದು. ದಾಸೋಹದಿಂದ ಪ್ರಸಿದ್ಧಳಾದ ಶರಣೆ ದಾನಮ್ಮನ ಗುಡ್ಡಾಪುರ, ಆಕೆ ಹುಟ್ಟಿದ ಉಮರಾಣಿ ಇವೆರಡೂ ಇದೇ ಸೀಮೆಯಲ್ಲಿವೆ. ಅನ್ನವು ದುರ್ಲಭವಾದ ನಾಡಿನಲ್ಲಿಯೇ ಅನ್ನದಾನವು ದೈವತ್ವಕ್ಕೆ ಏರಿತೆಂಬದು ಆಶ್ಚರ್ಯದ ಮಾತಲ್ಲ.

೨

ಜತ್ತ ಸಂಸ್ಥಾನದ ಇತಿಹಾಸವು ಡಫಳೆ ಮನೆತನದಿಂದ ಮೊದಲಾಗುತ್ತದೆ. ಡಫಳಾಪುರದ ಪಾಟೀಲಕಿಯಿಂದ ಮೇಲೆದ್ದು ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿ ಹೆಸರು ಗಳಿಸಿದ ಈ ಮನೆತನವು ಹದಿನೇಳನೆಯ ಶತಮಾನದ ಕೊನೆಯ ಭಾಗದಿಂದ ಜತ್ತದ ಜಹಗೀರನ್ನು ಆಳಿತು. ೧೮೨೦ರಲ್ಲಿ ಇಂಗ್ರೇಜ ಸರಕಾರವು ಈ ಜಹಗೀರನ್ನು ಒಪ್ಪಂದದ ಮೂಲಕ ಮಾನ್ಯ ಮಾಡಿತು. ಆಮೇಲಿನ ಕಥೆಯು ಸಾಲದ ಕಥೆ. ೧೮೨೭ರಲ್ಲಿ ಜಹಗೀರದಾರನ ಸಾಲ ತೀರಿಸುವದಕ್ಕೆಂದು ಸಾತಾರೆಯ ಮಹಾರಾಜನು ಜತ್ತವನ್ನು ಜಪ್ತಿ ಮಾಡಿದನು. ಸಾಲವು ತೀರಿದ ಮೇಲೆ, ಅಂದರೆ ೧೮೪೧ರಲ್ಲಿ, ಅದನ್ನು ಮರಳಿ ಕೊಡಲಾಯಿತು. ಮುಂದೆ ಪ್ರಜೆಗಳ ಮೇಲೆ ನಡೆದ ದಬ್ಬಾಳಿಕೆಯ ಕಾರಣದಿಂದ ೧೮೭೪ರಿಂದ ೧೮೮೫ರ ವರೆಗೆ ಇಂಗ್ರೇಜ ಸರಕಾರವೇ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು.

ಇತಿಹಾಸಕಾರರು ಈ ಸಂಗತಿಗಳನ್ನು ಎರಡು ಸಾಲಿನಲ್ಲಿ ಬರೆದು ಮುಂದೆ ಸಾಗುತ್ತಾರೆ. ನಾವು ಒಂದು ಪ್ರಶ್ನೆಯನ್ನು ಕೇಳಿಯೇ ಮುಂದೆ ಹೋಗೋಣ. ಹದಿನಾಲ್ಕು ವರುಷ ಜಪ್ತಿಯಲ್ಲಿದ್ದು ಆ ಸಾಲವು ತೀರಿತಲ್ಲ, ತೀರಿಸಿದವರು ಯಾರು? ಜಹಗೀರಿಗೆ ಹೊಲದ ಹುಟ್ಟುವಳಿಯಲ್ಲದೆ ಬೇರೆ ದೊಡ್ಡ ಆದಾಯವಿರಲಿಲ್ಲ. ಆದುದರಿಂದ ಅರಮನೆಯ ಸಾಲವು ತೀರಿದ್ದು ಸಜ್ಜೆ ಜೋಳದ ರಾಶಿಯಿಂದಲೇ ಎಂದು ತಿಳಿಯಲು ದಫ್ತರಗಳನ್ನು ಶೋಧಿಸಬೇಕಾಗಿಲ್ಲ. ಧಣಿಯ ಸಾಲವನ್ನು ಒಕ್ಕಲು ತೀರಿಸುವ ಪದ್ಧತಿ ಇಲ್ಲಿ ಅಷ್ಟು ಹಳೆಯದು.

ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಒಂದರ ಬೆನ್ನಿಗೆ ಒಂದರಂತೆ ಎರಡು ಬರಗಾಲಗಳು ಬಂದವು: ೧೮೯೬-೯೭ರದು, ೧೮೯೯-೧೯೦೦ರದು. ಅದೇ ಕಾಲಕ್ಕೆ ಮುಂಬಯಿ ಇಲಾಖೆಯಲ್ಲೆಲ್ಲ ಪ್ಲೇಗಿನ ಹಾವಳಿ. ೧೯೦೧ರ ಜನಗಣತಿಯಲ್ಲಿ ಡಫಳಾಪುರವನ್ನು ಕೂಡಿಸಿಕೊಂಡು ಜತ್ತ ಸಂಸ್ಥಾನದ ಜನಸಂಖ್ಯೆ ೬೮,೬೬೫. ಹತ್ತು ವರುಷದ ಹಿಂದಿನದಕ್ಕಿಂತ ಇದು ನೂರಕ್ಕೆ ೧೪ರಷ್ಟು ಕಡಿಮೆ. ಅಂದರೆ ಸುಮಾರು ಹನ್ನೊಂದು ಸಾವಿರ ಮಂದಿ ಇಲ್ಲವಾಗಿದ್ದರು. ಸತ್ತವರೆಷ್ಟು, ಊರು ಬಿಟ್ಟು ಹೋದವರೆಷ್ಟು ಎಂಬ ಭೇದವನ್ನು ಆ ಅಂಕಿಯು ಹೇಳುವದಿಲ್ಲ. ೯೮೦ ಚದರ ಮೈಲಿನ ಒಂದು ಸಣ್ಣ ಸಂಸ್ಥಾನದಲ್ಲಿ ಏಳು ಮಂದಿಗೆ ಒಬ್ಬರಂತೆ ಜನ ಮರೆಯಾಗುವದೆಂದರೆ, ಪ್ರತಿಯೊಂದು ಓಣಿಯಲ್ಲಿಯೂ ದೀಪ ಹಚ್ಚುವವರಿಲ್ಲದ ಮನೆಗಳು ನಿಂತಿದ್ದವೆಂದೇ ಅರ್ಥ.

೩

ಇಂಥ ನಾಡಿಗೆ ಯಂತ್ರಯುಗವು ಕಾಲಿರಿಸಿದ್ದು ಹೊಗೆಯುಗುಳುವ ಗಿರಣಿಯ ರೂಪದಿಂದಲ್ಲ, ಕಬ್ಬಿಣದ ನೇಗಿಲಿನ ರೂಪದಿಂದ. ಆ ನೇಗಿಲನ್ನು ತಯಾರಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ೧೮೬೯ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸಾಯಕಲ್ಲಿನ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರಕ್ಕೆ ಬಂದು, ಅಲ್ಲಿಂದ ನೇಗಿಲಿಗೆ ಕೈಹಾಕಿದ ಈ ಉದ್ಯಮಿಗೆ ಔಂಧ ಸಂಸ್ಥಾನದ ಅಧಿಪತಿಗಳು ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. ೧೯೧೦ರಲ್ಲಿ ಕುಂಡಲ ರೋಡ ರೈಲು ನಿಲ್ದಾಣದ ಹತ್ತಿರ, ಪಾಪಾಸುಕಳ್ಳಿ ಬೆಳೆದ ಬಯಲಿನಲ್ಲಿ ಕಿರ್ಲೋಸ್ಕರವಾಡಿಯು ಎದ್ದಿತು. ಇಂದು ಅದು ಸನಮಡಿಯಿರುವ ಸಾಂಗಲಿ ಜಿಲ್ಲೆಯಲ್ಲಿಯೇ ಇದೆ.

ಕಬ್ಬಿಣವು ತಾಗಿದರೆ ಭೂಮಿತಾಯಿಗೆ ವಿಷವೇರುವದೆಂದು ಒಕ್ಕಲು ಜನರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲವೆಂದು ಹೇಳುವದುಂಟು. ಈ ಮಾತನ್ನು ಕೇಳಿ ನಗುವದು ಸುಲಭ. ಆದರೆ ಆ ಅಂಜಿಕೆಯ ಒಳಗೆ ಒಂದು ವಿವೇಕವೂ ಇದ್ದಿತೆಂದು ನನಗೆ ತೋರುತ್ತದೆ. ಕಟ್ಟಿಗೆಯ ನೇಗಿಲನ್ನು ಮಾಡಿಕೊಡುವವನು ಊರ ಬಡಿಗ. ಅದರ ಕುಳವನ್ನು ತಟ್ಟಿಕೊಡುವವನು ಊರ ಕಮ್ಮಾರ. ಅವರಿಬ್ಬರಿಗೂ ಕೂಲಿಯೆಂದರೆ ರಾಶಿಯ ಕಾಲಕ್ಕೆ ಕಣದಲ್ಲಿ ಅಳೆದು ಕೊಡುವ ಆಯ. ಬೆಳೆ ಬಂದರೆ ಎಲ್ಲರಿಗೂ ಪಾಲು, ಬಾರದಿದ್ದರೆ ಎಲ್ಲರೂ ಉಪವಾಸ. ಅಂತೂ ರೊಕ್ಕದ ಪ್ರಶ್ನೆಯೇ ಬರುತ್ತಿರಲಿಲ್ಲ. ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟೂ ಇದ್ದಿತು, ಕೆಳಗಿನವನ ಬೆನ್ನ ಮೇಲೆ ಹೆಚ್ಚಿನ ಹೊರೆಯೂ ಇದ್ದಿತು. ಅದನ್ನು ನಾವು ಸುವರ್ಣಯುಗವೆಂದು ಹಾಡಿ ಹೊಗಳಬೇಕಾಗಿಲ್ಲ. ಕಬ್ಬಿಣದ ನೇಗಿಲಾದರೋ ಆಯಕ್ಕೆ ಬರುವಂಥದಲ್ಲ. ಅದಕ್ಕೆ ರೊಕ್ಕ ಬೇಕು. ಅದರ ಬಿಡಿಭಾಗಕ್ಕೂ ರೊಕ್ಕ ಬೇಕು. ರೊಕ್ಕಕ್ಕೆ ಸಾಹುಕಾರ ಬೇಕು. ಎರಿಯ ನೆಲವನ್ನು ಆಳವಾಗಿ ಸೀಳಿ ಕರಿಕೆಯ ಬೇರನ್ನು ಕಿತ್ತೊಗೆಯುವ ಆ ನೇಗಿಲು ನಿಜವಾಗಿಯೂ ಒಳ್ಳೆಯ ನೇಗಿಲೇ. ಆದರೆ ಅದು ನೆಲವನ್ನಷ್ಟೇ ಅಲ್ಲ, ಊರಿನ ಹಳೆಯ ಲೆಕ್ಕವನ್ನೂ ಉತ್ತು ಮಗುಚಿ ಹಾಕಿತು. ನೀರಿದ್ದವನು ಬೆಲೆಯ ಬೆಳೆ ಬೆಳೆದು ಆ ರೊಕ್ಕವನ್ನು ತಿರುಗಿ ಪಡೆದನು. ಮುಗಿಲನ್ನೇ ನಂಬಿದವನು ಜೋಳ ಬೆಳೆದು, ಅದನ್ನೇ ಉಂಡು, ಸಾಲವನ್ನು ಉಳಿಸಿಕೊಂಡನು.

ಮುಂದೆ ಬಾವಿಯ ಕಪಿಲೆಯ ಬದಲು ಎಣ್ಣೆಯ ಎಂಜಿನ್ನು ಬಂದಿತು, ತೊಗಲಿನ ಚೀಲವನ್ನು ಹೊಲೆಯುತ್ತಿದ್ದ ಸಮಗಾರನ ಆಯವೂ ಹೋಯಿತು. ೧೯೨೭ರಲ್ಲಿ ಬಾರ್ಶಿ ಲಾಯಿಟ್ ರೇಲ್ವೆಯು ಪಂಢರಪುರದಿಂದ ಮಿರಜಿನ ವರೆಗೆ ತನ್ನ ಚಿಕ್ಕ ಹಳಿಗಳನ್ನು ಹಾಸಿತು. ಆ ದಾರಿಯು ಜತ್ತ ಪಟ್ಟಣಕ್ಕೆ ಬಾರದೆ, ಉತ್ತರದಲ್ಲಿ 'ಜತ್ತ ರೋಡ' ಎಂಬ ನಿಲ್ದಾಣವನ್ನು ಬಿಟ್ಟು ತನ್ನ ಪಾಡಿಗೆ ತಾನು ಹೋಯಿತು. ಊರಿನ ಹೆಸರು ಮಾತ್ರ ರೈಲಿಗೆ, ಊರು ರೈಲಿಗಿಲ್ಲ! ಈ ಸೀಮೆಗೂ ಯಂತ್ರಯುಗಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆಯು ಸಿಕ್ಕಲಾರದು. ಯಂತ್ರವು ಇಲ್ಲಿಗೆ ಬರುವದಿಲ್ಲ. ಅದು ದೂರದಲ್ಲಿ ನಿಂತು ಇಲ್ಲಿಯ ಜನರನ್ನು ಕರೆಯುತ್ತದೆ.

೪

ಸ್ವಾತಂತ್ರ್ಯವು ಬಂದ ಮೇಲೆ ೧೯೪೮ರ ಮಾರ್ಚಿನಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೪೯ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯು ಹುಟ್ಟಿ ಜತ್ತವು ಅದರ ತಾಲ್ಲೂಕಾಯಿತು. ೧೯೬೦ರಲ್ಲಿ ಆ ಜಿಲ್ಲೆಗೆ ಸಾಂಗಲಿಯೆಂದು ಹೆಸರಾಯಿತು. ಹಿಂದೊಮ್ಮೆ ವಿಜಾಪುರದ ಕಲೆಕ್ಟರನ ಮೇಲ್ವಿಚಾರಣೆಯಲ್ಲಿದ್ದ, ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ಈ ಸೀಮೆಯು ೧೯೫೬ರ ರಾಜ್ಯ ಪುನರ್ರಚನೆಯಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ೧೯೬೦ರ ಮೇ ೧ರಿಂದ ಮಹಾರಾಷ್ಟ್ರಕ್ಕೆ ಸೇರಿತು. ೧೯೬೬ರಲ್ಲಿ ನೇಮಿಸಲ್ಪಟ್ಟ ಮಹಾಜನ ಆಯೋಗವು ಮರು ವರುಷ ಕೊಟ್ಟ ವರದಿಯಲ್ಲಿ ಜತ್ತದ ಕೆಲವು ಹಳ್ಳಿಗಳು ಕನ್ನಡ ರಾಜ್ಯಕ್ಕೆ ಸೇರತಕ್ಕವೆಂದು ಹೇಳಿತು. ಆ ವರದಿಯು ಜಾರಿಗೆ ಬರಲಿಲ್ಲ. ಈ ಭಾಗವನ್ನು ನಮ್ಮ ವಾಚಕರು ಬಲ್ಲರು.

ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯು ಅದೇ ಕಾಲದ್ದು. ೧೯೪೮ರ ಮುಂಬಯಿ ಗೇಣಿ ಕಾಯದೆ, ಅದರ ತರುವಾಯ ೧೯೫೭ರ ಏಪ್ರಿಲ್ ೧ರ 'ಉಳುವವನ ದಿನ' ಇವುಗಳಿಂದ ಉಳುವವನೇ ಒಡೆಯನೆಂಬ ತತ್ವವು ಕಾಗದದ ಮೇಲಾದರೂ ನೆಲೆಗೊಂಡಿತು. ಇದು ಸಣ್ಣ ಮಾತಲ್ಲ. ಆದರೆ ಹೊಲದ ಒಡೆತನವು ಕೈಗೆ ಬಂದಾಗಲೂ ನೀರಿನ ಒಡೆತನವು ಯಾರದೆಂದು ಕಾಯದೆಯು ಕೇಳಲಿಲ್ಲ. ಕೃಷ್ಣೆಯ ದಂಡೆಯ ಎರಡು ಎಕರೆಯೂ ಮಡ್ಡಿಯ ಇಪ್ಪತ್ತು ಎಕರೆಯೂ ಕಾಗದದ ಮೇಲೆ ಎರಡೂ ಭೂಮಿಯೇ. ಒಂದರ ಒಡೆಯನು ಸಕ್ಕರೆಯ ಕಾರಖಾನೆಯ ಸದಸ್ಯನಾದನು. ಇನ್ನೊಂದರ ಒಡೆಯನು ಅದೇ ಕಾರಖಾನೆಯ ಕಬ್ಬು ಕಡಿಯುವವನಾದನು.

ಅದು ಆದ ಬಗೆ ಹೀಗೆ. ೧೯೩೨ರಲ್ಲಿ ವಿದೇಶೀ ಸಕ್ಕರೆಯ ಮೇಲೆ ರಕ್ಷಣಾಶುಲ್ಕವು ಬಿದ್ದ ಮೇಲೆ ಹಿಂದುಸ್ಥಾನದಲ್ಲಿ ಸಕ್ಕರೆಯ ಕಾರಖಾನೆಗಳು ಒಂದೊಂದಾಗಿ ಎದ್ದವು. ೧೯೫೦ರ ಸುಮಾರಿಗೆ ಅಹಮದನಗರ ಜಿಲ್ಲೆಯ ಪ್ರವರಾ ತೀರದಲ್ಲಿ ವಿಠ್ಠಲರಾವ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರೂ ಕೂಡಿ ಬೆಳೆಗಾರರದೇ ಒಡೆತನದ ಸಹಕಾರೀ ಕಾರಖಾನೆಯನ್ನು ನಡೆಯಿಸಿ ತೋರಿಸಿದರು. ಆ ದಾರಿಯನ್ನು ಹಿಡಿದು ೧೯೫೦ರ ದಶಕದಲ್ಲಿ ವಸಂತದಾದಾ ಪಾಟೀಲರ ನೇತೃತ್ವದಲ್ಲಿ ಸಾಂಗಲಿಯಲ್ಲಿಯೂ, ಹತ್ತಿರದ ವಾರಣಾ ಪಂಚಗಂಗಾ ತೀರಗಳಲ್ಲಿಯೂ ಸಹಕಾರೀ ಕಾರಖಾನೆಗಳು ನಿಂತವು. ನದೀತೀರದ ಒಕ್ಕಲಿಗನನ್ನು ಸಾಹುಕಾರನ ಕೈಯಿಂದ ಬಿಡಿಸಿದ ಕೀರ್ತಿಯು ಈ ಚಳುವಳಿಗೆ ನ್ಯಾಯವಾಗಿ ಸಲ್ಲತಕ್ಕದ್ದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಹೇಳಬೇಕಾಗಿದೆ.

ಕಬ್ಬೆಂಬದು ವಿಚಿತ್ರವಾದ ಬೆಳೆ. ಅದು ಹೊಲದಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳು ನಿಂತು ನೀರು ಕುಡಿಯುತ್ತದೆ. ಆದರೆ ಕಡಿದ ಮೇಲೆ ಒಂದೆರಡು ದಿನವೂ ಕಾಯಲಾರದು. ಹೊತ್ತು ಹೋದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತ ಹೋಗುತ್ತವೆ. ಆದುದರಿಂದ ಗಾಣವು ತಿರುಗುವ ಐದಾರು ತಿಂಗಳು ಮಾತ್ರ, ಆದರೆ ಆ ತಿಂಗಳುಗಳಲ್ಲಿ ಹಗಲಿರುಳೆನ್ನದೆ, ಕಾರಖಾನೆಗೆ ಸಾವಿರಾರು ಕೈಗಳು ಬೇಕು. ಉಳಿದ ಆರು ತಿಂಗಳು ಆ ಕೈಗಳು ಅದಕ್ಕೆ ಬೇಡ. ಅಂಥ ಕೈಗಳು ಎಲ್ಲಿ ದೊರೆಯುವವು? ಹಿಂಗಾರಿ ಮಳೆಯು ಕೈಕೊಟ್ಟ, ಮೇವು ತೀರಿದ, ಸಾಲವು ಬೆಳೆದ ಸೀಮೆಗಳಲ್ಲಿ ದೊರೆಯುವವು. ಬೀಡ ಜಿಲ್ಲೆಯಲ್ಲಿ ದೊರೆತವು, ಆಟಪಾಡಿಯಲ್ಲಿ ದೊರೆತವು, ಜತ್ತದಲ್ಲಿ ದೊರೆತವು.

ದಸರೆ ದೀಪಾವಳಿಗಳ ಮುಂಚೆಯೇ ಮುಕಾದಮನು ಊರಿಗೆ ಬರುತ್ತಾನೆ. ಅವನು ಕೊಡುವ ಮುಂಗಡಕ್ಕೆ 'ಉಚಲ' ಎನ್ನುತ್ತಾರೆ. ಗಂಡಹೆಂಡಿರಿಬ್ಬರನ್ನು ಕೂಡಿಸಿ ಒಂದು 'ಕೊಯ್ತಾ' ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮನುಷ್ಯರಿಬ್ಬರು ಲೆಕ್ಕದ ಪುಸ್ತಕದಲ್ಲಿ ಒಂದು ಕತ್ತಿಯಾಗುತ್ತಾರೆ! ಹಬ್ಬವು ಮುಗಿಯುತ್ತಲೇ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಕೂಸುಗಳನ್ನೂ ಪಾತ್ರೆಗಳನ್ನೂ ಮೊದಲು ಎತ್ತಿನ ಗಾಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಹೊರಡುತ್ತಾರೆ. ಕಬ್ಬಿನ ಹೊಲದ ಬದಿಗೆ ಚಾಪೆ ತಗಡುಗಳ ಗುಡಿಸಲು. ಬೆಳಕು ಹರಿಯುವ ಮುಂಚೆ ಕಡಿಯಲು ಇಳಿದರೆ ಗಂಡನು ಕಡಿಯುವದು, ಹೆಂಡತಿಯು ರವದಿ ಸುಲಿದು ಹೊರೆ ಕಟ್ಟುವದು, ಆಮೇಲೆ ಇಬ್ಬರೂ ಹೊತ್ತು ಗಾಡಿಗೆ ಏರಿಸುವದು. ಒಂದು ಜೋಡಿಯು ದಿನಕ್ಕೆ ಒಂದೂವರೆಯಿಂದ ಎರಡು ಟನ್ನಿನ ವರೆಗೆ ಕಡಿಯಬಲ್ಲದು. ಕೂಲಿಯು ಟನ್ನಿನ ಮೇಲೆ. ಅದು ಉಚಲದಲ್ಲಿ ಮುರಿದುಹೋಗುತ್ತದೆ. ತೀರದೆ ಉಳಿದ ಬಾಕಿಯು ಮುಂದಿನ ವರುಷದ ಸಂಕೋಲೆ. ಕಬ್ಬಿನ ಸೋಗೆಯನ್ನು ಮೇವಿಗೆಂದು ಮಾರಿ ಬಂದ ಚಿಲ್ಲರೆಯೇ ಸಂತೆಯ ದಿನದ ಉಪ್ಪು ಎಣ್ಣೆ.

ಇಲ್ಲಿ ಒಂದು ಮಾತನ್ನು ಲಕ್ಷ್ಯಕ್ಕೆ ತರಬೇಕು. ಈ ಲೇಖನದ ತಿರುಳೇ ಅದು. ಇಂಗ್ಲಂಡಿನ ಔದ್ಯೋಗಿಕ ಕ್ರಾಂತಿಯ ಕಥೆಯನ್ನು ಓದಿದವರು ಬಲ್ಲಂತೆ, ಅಲ್ಲಿ ಹೊಲವನ್ನು ಕಳೆದುಕೊಂಡು ಮ್ಯಾಂಚೆಸ್ಟರಿಗೆ ಹೋದ ರೈತನು ಮತ್ತೆ ಹಳ್ಳಿಗೆ ಮರಳಲಿಲ್ಲ. ಅವನು ಪೂರ್ತಿಯಾಗಿ ಕಾರ್ಮಿಕನಾದನು. ಆದುದರಿಂದ ಅವನ ವರುಷವಿಡೀ ಹೊಟ್ಟೆಯ ಹೊಣೆಯನ್ನು ಕೂಲಿಯೇ ಹೊರಬೇಕಾಯಿತು, ಅದಕ್ಕಾಗಿ ಅವನು ಸಂಘ ಕಟ್ಟಿ ಹೋರಾಡಿದನು. ನಮ್ಮ ಒಕ್ಕಲಿಗನು ಹೋಗುತ್ತಾನೆ, ಮರಳಿ ಬರುತ್ತಾನೆ. ಅವನು ಅರ್ಧ ವರುಷದ ಕಾರ್ಮಿಕ, ಅರ್ಧ ವರುಷದ ಒಕ್ಕಲಿಗ. ಕಾರಖಾನೆಯು ಅವನಿಗೆ ಕೂಲಿ ಕೊಡುವದು ಐದಾರು ತಿಂಗಳಿಗೆ. ಉಳಿದ ತಿಂಗಳುಗಳಲ್ಲಿ ಅವನನ್ನು ಬದುಕಿಸುವದು, ಮುದುಕರನ್ನು ಸಲಹುವದು, ಬಾಣಂತಿಯನ್ನು ಆರೈಕೆ ಮಾಡುವದು, ಮುಂದಿನ ಹಂಗಾಮಿಗೆ ಮೈಯಲ್ಲಿ ಕಸುವು ತುಂಬಿ ಕಳಿಸುವದು, ಇದೆಲ್ಲ ಯಾರ ಕೆಲಸ? ಸನಮಡಿಯಂಥ ಊರುಗಳ ಒಣ ಹೊಲದ ಕೆಲಸ. ಅಂದರೆ, ಬಡ ಮಡ್ಡಿಯ ಜೋಳವು ಶ್ರೀಮಂತ ತೀರದ ಸಕ್ಕರೆಗೆ ವರುಷ ವರುಷವೂ ಕಾಣಿಕೆ ಸಲ್ಲಿಸುತ್ತಿದೆ. ಈ ಕಾಣಿಕೆಯು ಯಾವ ತಾಳೆಪಟ್ಟಿಯಲ್ಲಿಯೂ ಬರೆದಿಲ್ಲ. ಜಹಗೀರದಾರನ ಸಾಲ ತೀರಿಸಿದ ಜೋಳದ ಲೆಕ್ಕವನ್ನೂ ಯಾರೂ ಬರೆದಿಡಲಿಲ್ಲವಷ್ಟೆ.

೫

೧೯೭೨ರ ಬರವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದರ ಹಿಂದೊಂದು ಮಳೆ ತಪ್ಪಿ, ಹೊಲ ಹಾಳಾಗಿ, ಲಕ್ಷಗಟ್ಟಲೆ ಜನರು ಮಹಾರಾಷ್ಟ್ರದಾದ್ಯಂತ ಸರಕಾರದ ಕಾಮಗಾರಿಗಳಲ್ಲಿ ಕಲ್ಲು ಒಡೆದರು, ಕೆರೆಗಳ ಒಡ್ಡು ಹಾಕಿದರು, ರಸ್ತೆ ಮಾಡಿದರು. ಹೊಲದ ಒಡೆಯನೂ ಹೊಲವಿಲ್ಲದವನೂ ಒಂದೇ ಸಾಲಿನಲ್ಲಿ ಕುಳಿತು ಖಡಿ ಒಡೆಯುವ ಪ್ರಸಂಗವು ಬಂದಿತು. ಆಗ ಜಾರಿಯಲ್ಲಿ ಬಂದ ಉದ್ಯೋಗ ಭರವಸೆ ಯೋಜನೆಯ ಬೀಜವು ಮೊಳೆತದ್ದು ಈ ಸಾಂಗಲಿ ಜಿಲ್ಲೆಯಲ್ಲಿಯೇ ಎಂಬದು ನೆನಪಿಡತಕ್ಕ ಮಾತು. ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ವಿ. ಸ. ಪಾಗೆಯವರು ೧೯೬೫ರಲ್ಲಿ ತಾಸಗಾವ ತಾಲ್ಲೂಕಿನಲ್ಲಿ ಅದರ ಮೊದಲ ಪ್ರಯೋಗವನ್ನು ಮಾಡಿಸಿದರು. ೧೯೭೫ರಲ್ಲಿ ಈ ಯೋಜನೆಗೆಂದು ಪಟ್ಟಣದ ಉದ್ಯೋಗಸ್ಥರ ಮೇಲೆ ವೃತ್ತಿತೆರಿಗೆಯನ್ನು ಹಾಕಲಾಯಿತು; ೧೯೭೭ರಲ್ಲಿ ಕಾಯದೆಯಾಗಿ, ೧೯೭೯ರ ಗಣರಾಜ್ಯ ದಿನದಿಂದ ಅದು ಜಾರಿಗೆ ಬಂದಿತು. ಕೆಲಸವು ಬೇಡಿ ಪಡೆಯುವ ಭಿಕ್ಷೆಯಲ್ಲ, ಕೇಳಿ ಪಡೆಯುವ ಹಕ್ಕು ಎಂಬ ಆ ತತ್ವವೇ ೨೦೦೫ರಲ್ಲಿ ದೇಶಕ್ಕೆಲ್ಲ ಕಾಯದೆಯಾಯಿತು. ಬರದ ಬಾಯಿಯಿಂದ ಹೊರಟ ಒಳ್ಳೆಯ ಮಾತು ಇದೊಂದು.

ಎರಡನೆಯ ಒಳ್ಳೆಯ ಮಾತು ಗಿರಣಿಯಿಂದ ಬಂದಿತು. ೧೯೮೨ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಎರಡೂವರೆ ಲಕ್ಷದಷ್ಟು ಕೆಲಸಗಾರರು ಮುಷ್ಕರ ಹೂಡಿದರು. ಅದು ಮುರಿಯಿತು, ಗಿರಣಿಗಳೂ ಕಾಲಕ್ರಮದಲ್ಲಿ ಮುಚ್ಚಿದವು. ಊರಿಗೆ ಮರಳಿದ ಗಿರಣಿ ಕೆಲಸಗಾರರಲ್ಲಿ ಕೆಲವರು ಸಾಂಗಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನವರು. ಮರಳಿ ಬಂದು ನೋಡಿದರೆ ಊರಲ್ಲಿ ಬರ. ಮುಷ್ಕರದಲ್ಲಿ ಲೆಕ್ಕ ಕೇಳಲು ಕಲಿತ ಜನ, ಇಲ್ಲಿಯೂ ಲೆಕ್ಕ ಕೇಳಿದರು: ಖಡಿ ಒಡೆಯುವ ಕೆಲಸವನ್ನು ಎಷ್ಟು ವರುಷ ಮಾಡಬೇಕು? ನೀರು ನಿಲ್ಲಿಸುವ ಕೆಲಸವನ್ನೇಕೆ ಮಾಡಬಾರದು? ಭಾರತ ಪಾಟಣಕರ ಮೊದಲಾದವರ ಜೊತೆಗೆ ಕಟ್ಟಿದ ಆ ಮುಕ್ತಿ ಸಂಘರ್ಷ ಚಳುವಳಿಯಿಂದ ಯೇರಳಾ ನದಿಗೆ ಬಳಿರಾಜಾ ಒಡ್ಡು ಎದ್ದಿತು. ನದಿಯ ಉಸುಕನ್ನು ಜನರೇ ಮಾರಿ ಅದಕ್ಕೆ ಹಣವನ್ನು ಕೂಡಿಸಿದರು. ಹೊಲವಿಲ್ಲದವನಿಗೂ ನೀರಿನಲ್ಲಿ ಪಾಲೆಂದು ನಿಶ್ಚಯಿಸಿದರು. ಗೇಣಿ ಕಾಯದೆಯು ಕೇಳದೆ ಬಿಟ್ಟ ಪ್ರಶ್ನೆಗೆ ಎರಡು ಹಳ್ಳಿಗಳು ಕೊಟ್ಟ ಉತ್ತರವಿದು. ೧೯೯೩ರಿಂದ ಆಟಪಾಡಿಯಲ್ಲಿ ನಾಗನಾಥ ಅಣ್ಣಾ ನಾಯಕವಾಡಿಯವರ ಮುಂದಾಳುತನದಲ್ಲಿ ಸೇರತೊಡಗಿದ ನೀರಿನ ಪರಿಷತ್ತುಗಳು ಇದೇ ಸಮಪಾಲಿನ ಬೇಡಿಕೆಯನ್ನು ಎತ್ತಿದವು.

ಜತ್ತಕ್ಕೆ ನೀರು ಬರಬೇಕಾದರೆ ಅದು ಕೃಷ್ಣೆಯಿಂದಲೇ ಏರಿ ಬರಬೇಕು. ಬಚಾವತ ನ್ಯಾಯಾಧಿಕರಣವು ೧೯೭೩ರ ತನ್ನ ತೀರ್ಪಿನಲ್ಲಿ ಕೃಷ್ಣೆಯ ನೀರನ್ನು ಹಂಚಿ ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಕ್ಕೆ ೮೦೦ ಟಿ.ಎಂ.ಸಿ. ಎಂದು ಗೊತ್ತುಪಡಿಸಿತು. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ನೀರನ್ನು ಎತ್ತಿ, ಹಂತ ಹಂತವಾಗಿ ಪೂರ್ವದ ಒಣ ತಾಲ್ಲೂಕುಗಳಿಗೆ ಏರಿಸುವ ಯೋಜನೆಯು ೧೯೮೦ರ ದಶಕದಷ್ಟು ಹಳೆಯದು. ಅದು ಜತ್ತದ ಒಂದು ಭಾಗವನ್ನು ತಲುಪುವದಕ್ಕೆ ಒಂದು ತಲೆಮಾರೇ ಹಿಡಿಯಿತು; ಗಡಿಗೆ ಹತ್ತಿದ ಹಳ್ಳಿಗಳು ಹೊರಗೇ ಉಳಿದವು. ೨೦೧೨ರಲ್ಲಿ ಸುಮಾರು ೪೦ ಹಳ್ಳಿಗಳು 'ನೀರು ಕೊಡಿರಿ, ಇಲ್ಲವೆ ಕರ್ನಾಟಕಕ್ಕೆ ಹೋಗಗೊಡಿರಿ' ಎಂಬ ಅರ್ಥದ ಠರಾವುಗಳನ್ನು ಮಾಡಿದವು. ೨೦೨೨ರ ನವ್ಹೆಂಬರದಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವುಗಳನ್ನು ನೆನ‍ಪಿಸಲು, ಎರಡೂ ರಾಜಧಾನಿಗಳಲ್ಲಿ ಕೋಲಾಹಲವೆದ್ದಿತು. ಅದರ ಬೆನ್ನಿಗೇ ಮ್ಹೈಸಾಳದ ವಿಸ್ತರಣೆಗೆ ಸುಮಾರು ೨,೦೦೦ ಕೋಟಿ ರೂಪಾಯಿಗಳ ಮಾತು ಮುಂಬಯಿಯಿಂದ ಬಂದಿತು. ಹಳ್ಳಿಗರು ಬೇಡಿದ್ದು ನೀರನ್ನು. ರಾಜಧಾನಿಗಳಿಗೆ ಕೇಳಿಸಿದ್ದು ಗಡಿ. ಆದರೂ ಗಡಿಯ ಮಾತು ಬಂದಾಗಲೇ ನೀರಿನ ಮಾತೂ ಕೇಳಿಸಿತಲ್ಲ ಎಂದು ಆ ಜನರು ಮನದಲ್ಲಿ ನಕ್ಕಿದ್ದರೆ ತಪ್ಪೇನು?

೬

ನೀರು ಬಂದಲ್ಲಿ ಬದುಕು ಬದಲಾಗಿದೆಯೆಂಬದನ್ನು ಮರೆಮಾಚಲಾಗದು. ಜತ್ತದ ಮಡ್ಡಿಗಳಲ್ಲಿ ದಾಳಿಂಬೆಯ ತೋಟಗಳೂ ದ್ರಾಕ್ಷಿಯ ಚಪ್ಪರಗಳೂ ಎದ್ದಿವೆ. ಹಾಗೆಯೇ ಕಬ್ಬಿನ ಹೊಲಗಳಲ್ಲಿ ಹೊಸದೊಂದು ಯಂತ್ರವು ಇಳಿದಿದೆ. ಕಡಿದು, ಸವರಿ, ತುಂಡು ಮಾಡಿ ಗಾಡಿಗೆ ತುಂಬುವ ಯಂತ್ರ. ಅದು ಅನೇಕ ಕೊಯ್ತಾಗಳ ಕೆಲಸವನ್ನು ತಾನೊಂದೇ ಮಾಡಬಲ್ಲದು. ಬೆನ್ನು ಮುರಿಯುವ ಆ ದುಡಿತವು ಯಂತ್ರಕ್ಕೆ ಹೋದರೆ ಅಳಬೇಕಾದುದೇನೂ ಇಲ್ಲ. ಆದರೆ ಕಬ್ಬಿಣದ ನೇಗಿಲು ಬಂದಾಗ ಬಡಿಗನು ಏನಾದನೆಂದು ನಾವು ಕೇಳಲಿಲ್ಲ. ಎಂಜಿನ್ನು ಬಂದಾಗ ಸಮಗಾರನು ಏನಾದನೆಂದು ಕೇಳಲಿಲ್ಲ. ಕಬ್ಬು ಕಡಿಯುವ ಯಂತ್ರವು ಬಂದಾಗಲಾದರೂ, ಅರ್ಧ ವರುಷದ ಕೂಲಿಯು ತಪ್ಪಿದ ಒಕ್ಕಲಿಗನ ಹೊಲಕ್ಕೆ ಪೂರ್ತಿ ವರುಷದ ನೀರು ಬಂದಿದೆಯೋ ಇಲ್ಲವೋ ಎಂದು ಕೇಳಬೇಡವೇ?

ಕನ್ನಡದ ಹೆಸರಿನಲ್ಲಿ ಕೂಡಿದ ನಮ್ಮಂಥ ಸಂಘದವರಿಗೆ ಇದರಲ್ಲೇನು ಕೆಲಸವೆಂದು ಯಾರಾದರೂ ಕೇಳಿಯಾರು. ಅವರಿಗೆ ಒಂದೇ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ಇವೆ. ಅವುಗಳನ್ನು ಯಾವ ಸರಕಾರವೂ ಒಂದೇ ಹೊಡೆತಕ್ಕೆ ಮುಚ್ಚಿಲ್ಲ. ಆದರೆ ತಾಯಿತಂದೆಯರ ಕೂಡ ಕಬ್ಬಿನ ಹೊಲಕ್ಕೆ ಹೋದ ಹುಡುಗಿಯು ದೀಪಾವಳಿಯಿಂದ ಯುಗಾದಿಯ ವರೆಗೆ ಯಾವ ಶಾಲೆಯಲ್ಲಿ ಕುಳಿತಿರುತ್ತಾಳೆ? ಒಳ್ಳೆಯ ಜನರು ಕಾರಖಾನೆಯ ಹತ್ತಿರ 'ಸಾಖರಶಾಳೆ'ಗಳನ್ನು ನಡೆಯಿಸಿದ್ದಾರೆ. ಊರಲ್ಲಿ ಉಳಿದ ಮಕ್ಕಳಿಗೆ ಹಂಗಾಮಿನ ವಸತಿಗಳನ್ನೂ ಮಾಡಿದ್ದುಂಟು. ಆದರೆ ಅಲ್ಲಿಯ ಪಾಠವು ಅಲ್ಲಿಯ ನುಡಿಯಲ್ಲಿ ಇರತಕ್ಕದ್ದೇ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಗುಡಿಸಲು ಕಾಯುವ ಆ ಹುಡುಗಿಯು ಯುಗಾದಿಗೆ ಮರಳಿ ಬಂದಾಗ ಕನ್ನಡದ ಪುಸ್ತಕದಲ್ಲಿ ಅರ್ಧವು ಆಗಿಹೋಗಿರುತ್ತದೆ. ಅರ್ಧ ವರುಷದ ಒಕ್ಕಲುತನವು ಅರ್ಧ ವರುಷದ ಶಾಲೆಯನ್ನೂ, ಅರ್ಧ ಅಕ್ಷರವನ್ನೂ ಹುಟ್ಟಿಸಿದೆ. ಗಡಿಯಲ್ಲಿ ನುಡಿಯು ಸವೆಯುವದು ನಕಾಶೆಯ ಗೆರೆಯಿಂದ ಎಷ್ಟೋ, ಮನೆಯ ಬಾಗಿಲಿಗೆ ಬಿದ್ದ ಬೀಗದಿಂದಲೂ ಅಷ್ಟೇ.

ಆದುದರಿಂದ ಗಡಿನಾಡಿನ ಕನ್ನಡವನ್ನು ಕಾಯಬಯಸುವವರು ಮೊದಲು ಗಡಿನಾಡಿನ ಹೊಲವನ್ನು ಕಾಯಬೇಕು. ಆ ನೀರು ಯಾವ ರಾಜ್ಯದ ಕಾಲುವೆಯಿಂದ ಬಂದರೂ ಅದಕ್ಕೆ ನಾವು ಕೈಮುಗಿಯತಕ್ಕದ್ದೇ. ಸನಮಡಿಯ ಮಡಿಯಲ್ಲಿ ನೀರು ನಿಂತ ವರುಷ, ದೀಪಾವಳಿಯ ಮರುದಿನವೂ ಅಲ್ಲಿಯ ಮನೆಗಳ ಬಾಗಿಲು ತೆರೆದೇ ಇರುವದು. ಆ ಹುಡುಗಿಯು ಶಾಲೆಯ ಹಾಜರಿಗೆ ಓ ಎನ್ನುವಳು. ನಮ್ಮ ಇತಿಹಾಸದಲ್ಲಿ ಆ ದಿನಕ್ಕೂ ಒಂದು ತಾರೀಖು ದೊರೆಯಲಿ.